ಬೆಳ್ಳಿ ಕಳೆದು ಉಳಿದ ತೂಕ

ಕೊಪ್ಪಲು, ತೊಣ್ಣೂರು ಅಂಚೆ,
ಪಾಂಡವಪುರ ತಾಲ್ಲೂಕು
13 ಜೂನ್ 2024

ಮಾನ್ಯ ಪುಟ್ಟಗೌರಮ್ಮ ಮೇಡಂ ಅವರಿಗೆ,

ಚೈತ್ರ ಮಾಡುವ ನಮಸ್ಕಾರಗಳು. ಎರಡು ಸಲ ಫೋನು ಮಾಡಿದೆ. ನಿಮ್ಮ ತಂಗಿ ಬೆಟ್ಟಮ್ಮನವರು ಎತ್ತಿಕೊಂಡು, ಅಕ್ಕನಿಗೆ ಈಗ ಕಿವಿ ಪೂರ್ತಿ ಹೋಗಿದೆ, ಏನಿದ್ದರೂ ಕಾಗದ ಬರೆದು ಹಾಕು ಅಂದರು. ನಾನು ಕಾಗದ ಅಂತ ಬರೆದದ್ದು ಪಿಯುಸಿಯಲ್ಲಿ ರಜಾ ಅರ್ಜಿಯೇ ಕೊನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ನಿವೃತ್ತಿಯ ದಿನ ಅಂಗನವಾಡಿಯ ಚಾರ್ಜು ಕೊಟ್ಟ ಪಟ್ಟಿಯಲ್ಲಿ ನಲವತ್ತಾರು ಸಾಮಾನು ಇದ್ದವು. ಒಂದೊಂದನ್ನೂ ತಾಳೆ ನೋಡಿದೆ. ಒಂದು ಸೌಟು ಸಿಗಲಿಲ್ಲ. ಸಹಾಯಕಿ ಚಿಕ್ಕಬೋರಮ್ಮನನ್ನು ಕೇಳಿದರೆ, ಅದು ಅವರ ಮನೆಯ ಮುದ್ದೆ ಪಾತ್ರೆಯೊಳಗೇ ಇತ್ತು. ಈಗ ಲೆಕ್ಕ ಸರಿಯಾಗಿದೆ.

ಇಪ್ಪತ್ತೊಂದು ಮಕ್ಕಳೂ ನನಗೆ ಚೆನ್ನಾಗಿ ಹೊಂದಿಕೊಂಡಿದ್ದಾರೆ. ನಿಮ್ಮನ್ನು ಕೇಳಿಕೊಂಡು ಯಾರೂ ಅಳಲಿಲ್ಲ. ಮೂವತ್ತೊಂದು ವರ್ಷ ದುಡಿದಿದ್ದೀರಿ, ಇನ್ನು ನಿಶ್ಚಿಂತೆಯಿಂದ ವಿಶ್ರಾಂತಿ ತೆಗೆದುಕೊಳ್ಳಿ.

ಒಂದು ಸಂತೋಷದ ಸುದ್ದಿ. ಅಕ್ಕಸಾಲಿ ಕಾಳಪ್ಪನವರ ಮೊಮ್ಮಗಳು ಕೀರ್ತನ ಈ ತಿಂಗಳು ಮೂರು ತುಂಬಿ ನಮ್ಮ ಕೇಂದ್ರಕ್ಕೆ ಸೇರಿದಳು. ಕಡ್ಡಿಯಂಥ ಮಗು. ಅನ್ನ ಬಾಯಿಗೆ ಇಟ್ಟರೆ ನುಂಗುವುದಿಲ್ಲ, ಒಂದು ಗಂಟೆಯಾದರೂ ಕೆನ್ನೆಯಲ್ಲೇ ಇಟ್ಟುಕೊಂಡು ಕೂತಿರುತ್ತಾಳೆ. ನಿಮ್ಮ ಮೇ ತಿಂಗಳ ಪುಸ್ತಕದಲ್ಲಿ ಅವಳ ತೂಕ ಒಂಬತ್ತೂವರೆ ಕೆಜಿ, ಕೆಂಪು ಗೆರೆಯ ಮೇಲೆಯೇ ಇತ್ತು. ಈ ತಿಂಗಳು ಒಂಬತ್ತು ಒಂಬೈನೂರು ಬಂದಿದೆ. ಹಳದಿಯಲ್ಲಿದ್ದಾಳೆ. ನಾನು ಬಂದ ತಿಂಗಳಲ್ಲೇ ನಾನೂರು ಗ್ರಾಂ. ಬರುವ ಯುಗಾದಿಯೊಳಗೆ ಅವಳನ್ನು ಹಸಿರಿಗೆ ತರಬೇಕು ಅಂತ ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೇನೆ. ಆಶೀರ್ವಾದ ಇರಲಿ.

ಇಂತಿ ನಮಸ್ಕಾರಗಳೊಂದಿಗೆ,
ಚೈತ್ರ


ನಾಗಮಂಗಲ
20 ಜೂನ್ 2024

ಚಿ. ಸೌ. ಚೈತ್ರಳಿಗೆ ಆಶೀರ್ವಾದಗಳು.

ನಿನ್ನ ಕಾಗದ ಬಂತು. ಅಕ್ಷರ ದುಂಡಗಿದೆ. ಚಿಕ್ಕಬೋರಮ್ಮನ ಸೌಟನ್ನು ಹಿಡಿದೆಯಲ್ಲ, ಅದು ನನ್ನ ಕೈಲಿ ಹನ್ನೆರಡು ವರ್ಷ ಆಗಿರಲಿಲ್ಲ. ಅವಳನ್ನು ಜಾಸ್ತಿ ಗದರಬೇಡ. ಅವಳು ಕೈಲಿ ಮುಟ್ಟಿದ ಸಾರಿಗೇ ಮಕ್ಕಳು ಒಗ್ಗಿದ್ದಾವೆ.

ನನ್ನ ಕಿವಿಯ ಬಗ್ಗೆ ಕೇಳಲಿಲ್ಲ ನೀನು, ಆದರೂ ಹೇಳುತ್ತೇನೆ. ಮೂವತ್ತೊಂದು ವರ್ಷ ದಿನಾ ಇಪ್ಪತ್ತು ಮಕ್ಕಳು ಒಟ್ಟಿಗೆ ಕಿರುಚಿದ್ದಕ್ಕೆ ಅದು ಸಾಕಪ್ಪಾ ಅಂತ ಬಾಗಿಲು ಹಾಕಿಕೊಂಡಿದೆ. ಇಲ್ಲಿ ಬಸ್‌ಸ್ಟ್ಯಾಂಡು ಪಕ್ಕದಲ್ಲೇ ಬೆಟ್ಟಮ್ಮನ ಮನೆ. ಬೆಂಗಳೂರು ಬಸ್ಸು ಹಾರನ್ ಹೊಡೆದರೆ ಅವಳು ಬೆಚ್ಚುತ್ತಾಳೆ, ನಾನು ಅವರೆಕಾಯಿ ಬಿಡಿಸುತ್ತಿರುತ್ತೇನೆ. ಸುಖವೇ ಇದೆ.

ಕೀರ್ತನಳ ಅಪ್ಪ ಶಶಾಂಕ್ ನನ್ನ ಕೇಂದ್ರದ ಮಗುವೇ. ಬಳಪ ತಿನ್ನುತ್ತಿದ್ದ. ಮಗಳು ಅನ್ನವನ್ನೂ ತಿನ್ನುವುದಿಲ್ಲ. ಅವರ ಮನೆಯಲ್ಲಿ ಮೊಟ್ಟೆ ಮುಟ್ಟುವುದಿಲ್ಲ, ಬಲವಂತ ಮಾಡಬೇಡ. ಕಡಲೆಬೀಜ ಹುರಿದು, ಬೆಲ್ಲ ಹಾಕಿ ಕುಟ್ಟಿ, ಗುಂಡಗೆ ನಿನ್ನ ಕೈಲೇ ಉಂಡೆ ಕಟ್ಟಿ ಕೊಡು. ಅಳುವ ಮಕ್ಕಳಿಗೆ ನನ್ನದೊಂದು ಉಪಾಯವಿತ್ತು. ಬೀರುವಿನ ಹಿಂದೆ ಅಡಗಿಕೊಂಡು ಕೂ ಅನ್ನುತ್ತಿದ್ದೆ. ಹುಡುಕಿಕೊಂಡು ಬಂದು ಸೀರೆ ಹಿಡಿಯುವಷ್ಟರಲ್ಲಿ ಅಳು ಮರೆತು ಹೋಗುತ್ತಿತ್ತು. ನಿನಗೆ ಬೇಕಾದರೆ ಮಾಡು.

ಒಂದು ವರ್ಷ ಒದ್ದಾಡಿ ನಾನು ಏರಿಸಲಾಗದ ನಾನೂರು ಗ್ರಾಮನ್ನು ನೀನು ಹನ್ನೆರಡು ದಿನದಲ್ಲಿ ಏರಿಸಿದ್ದೀಯ. ಒಳ್ಳೆಯ ಕೈಗುಣ. ಯಾರೂ ನನ್ನನ್ನು ಕೇಳಿ ಅಳಲಿಲ್ಲ ಅಂತಲೂ ಬರೆದಿದ್ದೀಯ. ಅದೂ ಒಳ್ಳೆಯದೇ ಆಯಿತು.

ಪುಟ್ಟಗೌರಮ್ಮ


ಕೊಪ್ಪಲು
4 ಜುಲೈ 2024

ಮೇಡಂ ಅವರಿಗೆ ನಮಸ್ಕಾರಗಳು.

ಉಂಡೆಯ ಉಪಾಯ ಹೇಳಿದ್ದಕ್ಕೆ ಎಷ್ಟು ಹೇಳಿದರೂ ಸಾಲದು. ಕೀರ್ತನ ಮೊದಲ ದಿನ ನೆಕ್ಕಿ ಕೆಳಗಿಟ್ಟಳು. ನಾಲ್ಕನೇ ದಿನ ಅರ್ಧ ಉಂಡೆ ತಿಂದು, ನುಂಗಿ, ನನ್ನ ಮುಂದೆ ಬಂದು ಬಾಯಿ ತೆರೆದು ತೋರಿಸಿದಳು. ಒಳಗೆ ಏನೂ ಇರಲಿಲ್ಲ. ನಾಲಗೆ ಎತ್ತಿ ಅದರ ಕೆಳಗೂ ತೋರಿಸಿದಳು. ನಾನು ಚಪ್ಪಾಳೆ ತಟ್ಟಿದೆ, ಉಳಿದ ಮಕ್ಕಳೂ ತಟ್ಟಿದರು. ಅಂದು ಮನೆಗೆ ಹೋಗಿ ನಮ್ಮೆಜಮಾನರಿಗೆ ಅದನ್ನೇ ಮೂರು ಸಲ ಹೇಳಿದೆ. ಅವರು ಮೂರನೇ ಸಲ ಟಿವಿ ಸದ್ದು ಜಾಸ್ತಿ ಮಾಡಿಕೊಂಡರು.

ಎಲ್ಲ ದಿನವೂ ಹಾಗಿರುವುದಿಲ್ಲ. ನಿಂಗರಾಜು ಅಂತ ನಾಲ್ಕು ವರ್ಷದವನು, ನಿಮಗೆ ಗೊತ್ತಲ್ಲ, ಮೊನ್ನೆ ಬೇಯಿಸಿದ ಮೊಟ್ಟೆಯ ಹಳದಿ ಭಂಡಾರವನ್ನು ಚಡ್ಡಿ ಜೇಬಿನಲ್ಲಿಟ್ಟುಕೊಂಡು ಅದರ ಮೇಲೆಯೇ ಕೂತುಬಿಟ್ಟ. ತಂಗಿಗೆ ಅಂತೆ. ಬೈಯಬೇಕೋ ಮುದ್ದಿಸಬೇಕೋ ತಿಳಿಯಲಿಲ್ಲ. ಹಾಜರಿಗೆ ಮೊಬೈಲಿನ ಆ್ಯಪ್‌ನಲ್ಲಿ ಒಬ್ಬೊಬ್ಬರ ಮುಖ ತೋರಿಸಬೇಕು. ಇಪ್ಪತ್ತೊಂದು ಮುಖ ಹಿಡಿಯುವಷ್ಟರಲ್ಲಿ ಐದು ಮುಖ ಹೊರಗೆ ಓಡಿರುತ್ತವೆ. ಸಂಜೆ ಹೊತ್ತಿಗೆ ಗಂಟಲು ಹೋಗಿ, ಮನೆಯಲ್ಲಿ ಮಾತಾಡಲು ಬೇಜಾರು. ಕಿರಂಗೂರಿನಿಂದ ನಮ್ಮಮ್ಮ ಬಂದವರು, ಮಕ್ಕಳ ಜೊತೆ ಆಡುವ ಕೆಲಸಕ್ಕೆ ಇಷ್ಟು ಸುಸ್ತಾ ಅಂದರು. ಒಂದು ದಿನ ನೀನೇ ಬಂದು ಆಡು ಅಂದೆ.

ತೂಕದ ದಿನ ಕೀರ್ತನಳನ್ನು ಅವಳಜ್ಜಿ ಸುಬ್ಬಮ್ಮ ಎತ್ತಿಕೊಂಡು ಬಂದರು. ಕೈಗೆ ಕಡಗ, ಕಾಲಿಗೆ ಕಡಗ, ಈ ಸಲ ಸೊಂಟಕ್ಕೆ ಬೆಳ್ಳಿ ಉಡುದಾರ ಬೇರೆ. ಎಲ್ಲ ಮಕ್ಕಳೂ ಆವತ್ತು ಹಾಗೆಯೇ ಬರುತ್ತಾರೆ, ಇಲ್ಲಿಯ ಪದ್ಧತಿಯಂತೆ, ನೋಡಲು ಚೆಂದ. ಕೀರ್ತನ ಹತ್ತು ಕೆಜಿ ನೂರು ಗ್ರಾಂ! ಇನ್ನೂರು ಏರಿದ್ದಾಳೆ. ಕೆ.ಆರ್. ಪೇಟೆಯಿಂದ ವರ್ಗವಾಗಿ ಬಂದ ಹೊಸ ಸೂಪರ್‌ವೈಸರ್ ಮೇಡಂ ನನ್ನ ಪುಸ್ತಕ ನೋಡಿ, ಬೇರೆ ಕೇಂದ್ರದವರಿಗೂ ತೋರಿಸುತ್ತೇನೆ ಅಂದರು.

ನಿಮ್ಮ ಚೈತ್ರ


ನಾಗಮಂಗಲ
15 ಜುಲೈ 2024

ಶ್ರೀಮತಿ ಚೈತ್ರ ಅವರಿಗೆ,

ಪತ್ರ ತಲುಪಿತು. ನಿಮ್ಮ ಕೆಲಸವನ್ನು ಮೇಲಿನವರು ಮೆಚ್ಚಿದ್ದು ಕೇಳಿ ಸಂತೋಷವಾಯಿತು. ನೀವು ಡಿಗ್ರಿ ಓದಿದವರು, ತರಬೇತಿ ಪಡೆದವರು. ನಾನು ಎಸ್ಸೆಸ್ಸೆಲ್ಸಿಯವಳು. ಬಿಟ್ಟು ಬಂದ ಮನೆಯ ಒಲೆಗೆ ಸೌದೆ ಇಡಲು ಹೋಗಬಾರದು ಅಂತ ಬೆಟ್ಟಮ್ಮ ಹೇಳುತ್ತಾಳೆ, ಅದು ನಿಜ.

ಕಾಳಪ್ಪನ ಮನೆಯವರು ಬೆಳ್ಳಿಗೆ ಕೈ ಬಿಗಿ ಹಿಡಿಯುವವರಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಅನ್ನುವುದು ನಿಮಗೆ ಗೊತ್ತೇ ಇರುತ್ತದೆ.

ಇಲ್ಲಿ ಎಲ್ಲರೂ ಕ್ಷೇಮ.

ಪುಟ್ಟಗೌರಮ್ಮ


ಕೊಪ್ಪಲು
20 ಆಗಸ್ಟ್ 2024

ಮೇಡಂ,

ನಿಮ್ಮ ಕಾಗದಕ್ಕೆ ತಿಂಗಳಾದರೂ ಉತ್ತರ ಬರೆಯಲಿಲ್ಲ. ಹೊಸಬಳು ಮೆರೆಯುತ್ತಾಳೆ ಅಂತ ನಿಮಗೆ ಬೇಸರವಾದ ಹಾಗೆ ಕಂಡಿತು. ನೀವು ನನ್ನನ್ನು ಬಹುವಚನದಲ್ಲಿ ಕರೆದದ್ದು ನೋಡಿ ಅತ್ತೆ. ಏನು ತಪ್ಪು ಮಾಡಿದೆ ಅಂತ ನನಗೆ ತಿಳಿಯಲಿಲ್ಲ. ಅದು ಹಾಗಿರಲಿ, ಈಗ ಬರೆಯುತ್ತಿರುವುದು ಕೀರ್ತನಳ ವಿಷಯ. ನಿಮ್ಮನ್ನು ಬಿಟ್ಟು ಬೇರೆ ಯಾರನ್ನು ಕೇಳಲಿ?

ಆಗಸ್ಟಿನಲ್ಲಿ ಅವಳು ಹತ್ತು ಕೆಜಿ ಮುನ್ನೂರು ಬಂದಳು. ಶ್ರಾವಣಕ್ಕೆಂದು ಅಜ್ಜ ಹೊಸ ಗೆಜ್ಜೆ ಮಾಡಿದ್ದರು, ಅದನ್ನು ಹಾಕಿಕೊಂಡು ಬಂದಿದ್ದಳು. ಪುಸ್ತಕದಲ್ಲಿ ಗೆರೆ ಮೇಲಕ್ಕೇ ಹೋಗುತ್ತಿದೆ. ಆದರೆ ಮಗು ಕೆಳಕ್ಕೆ ಹೋಗುತ್ತಿದೆ ಮೇಡಂ. ಗೆಜ್ಜೆ ಕಟ್ಟಿದ್ದರೂ ಸದ್ದಿಲ್ಲ. ಯಾಕೆಂದರೆ ನಡೆಯುವುದೇ ಇಲ್ಲ. ಗೋಡೆಗೆ ಒರಗಿ ಕೂತಿರುತ್ತಾಳೆ. ಹಬ್ಬ ಕಳೆದ ಮೇಲೆ ಭೇದಿ ಶುರುವಾಗಿ ಮೂರು ದಿನ ಬರಲಿಲ್ಲ. ಬಂದ ಮೇಲೆ ಉಂಡೆಯನ್ನು ಕೈಲಿ ಹಿಡಿದುಕೊಂಡು ಮಧ್ಯಾಹ್ನದವರೆಗೂ ಹಾಗೇ ಕೂತಳು. ಕೂದಲು ಕೆಂಚಗಾಗಿದೆ. ನಿನ್ನೆ ಎತ್ತಿಕೊಂಡೆ, ತೋಳಿಗೆ ಭಾರವೇ ಆಗಲಿಲ್ಲ.

ಸೂಪರ್‌ವೈಸರ್ ಮೇಡಂಗೆ ಹೇಳಿದರೆ ಪುಸ್ತಕ ತೋರಿಸಿ, ತೂಕ ಚೆನ್ನಾಗಿದೆಯಲ್ಲ ಚೈತ್ರ, ಸುಮ್ಮನೆ ಗಾಬರಿಯಾಗಬೇಡ ಅಂದರು. ನನ್ನ ಕಣ್ಣು ಸರಿಯಿಲ್ಲವೋ, ತೂಕದ ಮಿಷನ್ನು ಸರಿಯಿಲ್ಲವೋ? ನಿಮ್ಮ ಕಾಲದಲ್ಲಿ ಈ ಮಿಷನ್ನು ತಪ್ಪು ತೋರಿಸಿತ್ತಾ? ದಯವಿಟ್ಟು ಕೂಡಲೇ ಬರೆಯಿರಿ. ನನ್ನ ಮೇಲೆ ಬೇಸರವಿದ್ದರೆ ಆಮೇಲೆ ಬೈಯುವಿರಂತೆ.

ಚೈತ್ರ


ನಾಗಮಂಗಲ
23 ಆಗಸ್ಟ್ 2024

ಚೈತ್ರ,

ಮಿಷನ್ನು ಸರಿ ಇದೆ. ನಿನ್ನ ಕಣ್ಣೂ ಸರಿ ಇದೆ. ಸರಿ ಇಲ್ಲದವಳು ನಾನು.

ಈಗಷ್ಟೇ ಬೆಟ್ಟಮ್ಮನ ಕೈಲಿ ನಿನಗೆ ಫೋನು ಮಾಡಿಸಿದೆ. ಬೆಳ್ಳಿ ಪೂರ್ತಿ ಬಿಚ್ಚಿ ಮಗುವನ್ನು ತೂಗು ಅಂತ ಹೇಳು ಅಂದೆ, ಹೇಳಿದಳು. ಯಾಕೆ ಅನ್ನುವುದು ಅವಳ ಬಾಯಲ್ಲಿ ಆಗುವ ಮಾತಲ್ಲ. ಅದನ್ನು ನಾನೇ ಬರೆಯಬೇಕು. ಪಾಂಡವಪುರ ಬಸ್ಸಿನ ಕಂಡಕ್ಟರ್ ಕುಮಾರ್ ನಮ್ಮ ಬೀದಿಯವನೇ. ಈ ಕಾಗದವನ್ನು ಅವನ ಕೈಲೇ ಕಳಿಸುತ್ತಿದ್ದೇನೆ.

ನಾನು 93ರಲ್ಲಿ ಕೊಪ್ಪಲಿಗೆ ಬಂದಾಗ ಒಬ್ಬ ತಾಯಿಯೂ ಮಗುವನ್ನು ತೂಕಕ್ಕೆ ತರುತ್ತಿರಲಿಲ್ಲ. ಮಾರುವ ಸಾಮಾನನ್ನು ತೂಗುತ್ತಾರೆ, ಮಕ್ಕಳನ್ನು ಯಾರಾದರೂ ತೂಗುತ್ತಾರಾ, ಕಣ್ಣು ಬಿದ್ದು ಬಾಡಿ ಹೋಗುತ್ತವೆ ಅನ್ನುತ್ತಿದ್ದರು. ಆಗ ಮರದ ಕೊಂಬೆಗೆ ನೇತು ಹಾಕುವ ಜೋಲಿ ತಕ್ಕಡಿ. ಎರಡು ತಿಂಗಳು ಆ ಜೋಲಿ ಖಾಲಿಯೇ ತೂಗಾಡಿತು. ಮೂರನೇ ತಿಂಗಳು ನನಗೊಂದು ಉಪಾಯ ಹೊಳೆಯಿತು. ಮೈಮೇಲೆ ಬೆಳ್ಳಿ ಇದ್ದರೆ ಕಣ್ಣು ಬೆಳ್ಳಿಗೆ ತಾಕುತ್ತದೆ, ಮಗುವಿಗೆ ತಾಕುವುದಿಲ್ಲ ಅಂತ ಮನೆಮನೆಗೆ ಹೇಳಿಕೊಂಡು ಬಂದೆ. ತೂಕದ ದಿನವನ್ನು ಹಬ್ಬ ಮಾಡೋಣ, ಇದ್ದಬದ್ದ ಬೆಳ್ಳಿ ಹಾಕಿಕೊಂಡು ಬನ್ನಿ ಅಂದೆ. ಮೊದಲು ಬಂದವನು ಕಾಳಪ್ಪ. ಮಗ ಶಶಾಂಕನನ್ನು ಬೆಳ್ಳಿಯಲ್ಲಿ ಮುಳುಗಿಸಿ ತಂದು ಜೋಲಿಗೆ ಕೂರಿಸಿದ. ಬೆಳ್ಳಿಯನ್ನು ಮಾತ್ರ ಮನೆಯಲ್ಲೇ ತನ್ನ ತಕ್ಕಡಿಯಲ್ಲಿ ತೂಗಿ, ಬೀಡಿ ಪೊಟ್ಟಣದ ಕಾಗದದ ಮೇಲೆ ಬರೆದು ನನ್ನ ಕೈಗೆ ಗುಟ್ಟಾಗಿ ಕೊಟ್ಟಿದ್ದ. ನಾನು ಅದನ್ನು ಕಳೆದು ಪುಸ್ತಕಕ್ಕೆ ಬರೆದೆ.

ಆಮೇಲೆ ಎಲ್ಲ ಮನೆಯದೂ ಹಾಗೆಯೇ. ಯಾರ ಮನೆಯ ಕಡಗ ಎಷ್ಟು, ಯಾರ ಗೆಜ್ಜೆ ಎಷ್ಟು ಅನ್ನುವುದು ನನಗೆ ಬಾಯಿಪಾಠ. ಅಜ್ಜಿಯರಿಗೆ ಬೇಸರವಾಗಬಾರದು ಅಂತ ಮನಸ್ಸಿನಲ್ಲೇ ಕಳೆಯುತ್ತಿದ್ದೆ. ಪಕ್ಕದಲ್ಲಿ ನಿಂತ ಚಿಕ್ಕಬೋರಮ್ಮನಿಗೂ ಗೊತ್ತಿರಲಿಲ್ಲ. ನಿನಗೆ ಚಾರ್ಜು ಕೊಟ್ಟಾಗ ಸೌಟು ಬರೆದೆ, ಲೋಟ ಬರೆದೆ, ಹರಿದ ಜಮಖಾನೆ ಬರೆದೆ. ಇದನ್ನು ಬರೆಯಲಿಲ್ಲ. ತಲೆಯೊಳಗೆ ಇದ್ದದ್ದು ತಲೆಯ ಜೊತೆಗೇ ನಾಗಮಂಗಲಕ್ಕೆ ಬಂದುಬಿಟ್ಟಿತು.

ಕಾಳಪ್ಪನ ಮನೆಯ ಕೈಕಡಗ, ಕಾಲ್ಕಡಗ ಸೇರಿ ನಾನೂರೈವತ್ತು ಗ್ರಾಂ. ಉಡುದಾರ ನೂರೈವತ್ತು. ಹೊಸ ಗೆಜ್ಜೆ ನನಗೆ ಗೊತ್ತಿಲ್ಲ. ಇನ್ನೂರಂತೂ ಇರುತ್ತದೆ. ನೀನೇ ಕಳೆದು ನೋಡು. ಮೇ ತಿಂಗಳಿನಿಂದ ಆ ಕೂಸು ಇದ್ದಲ್ಲೇ ಇದೆ. ವಯಸ್ಸು ಮಾತ್ರ ಮುಂದಕ್ಕೆ ಹೋಗಿದೆ. ಅವಳು ಕೆಂಪಿನಲ್ಲಿದ್ದಾಳೆ.

ಇದಕ್ಕಿಂತ ಕಷ್ಟದ ಮಾತು ಇನ್ನೊಂದಿದೆ. ಜೂನ್‌ನಲ್ಲಿ ನಿನ್ನ ನಾನೂರು ಗ್ರಾಂ ಓದಿದಾಗ ನನಗೆ ಬೆಳ್ಳಿ ನೆನಪಾಗಲಿಲ್ಲ, ಹೊಟ್ಟೆಕಿಚ್ಚು ಮಾತ್ರ ಆಯಿತು. ಜುಲೈನಲ್ಲಿ ಉಡುದಾರ ಅಂತ ಓದಿದ ಕೂಡಲೇ ನೆನಪಾಯಿತು. ಆದರೂ ನೇರವಾಗಿ ಬರೆಯಲಿಲ್ಲ. ಯಾರೂ ನನ್ನನ್ನು ಕೇಳಲಿಲ್ಲವಂತೆ, ಡಿಗ್ರಿ ಓದಿದವಳು, ತಾನೇ ತಿಳಿದುಕೊಳ್ಳಲಿ ಅಂತ ಗಾದೆ ಹೇಳಿ ಸುಮ್ಮನಾದೆ. ಅರವತ್ತು ವರ್ಷದ ಹೆಂಗಸು ಮೂರು ವರ್ಷದ ಮಗುವಿನ ಮೇಲೆ ಮುನಿಸು ತೀರಿಸಿಕೊಂಡೆ. ನನ್ನ ಮೇಲೆ ನನಗೇ ಅಸಹ್ಯವಾಗಿದೆ.

ಕಾಗದ ಬರೆಯುವುದು ಆಮೇಲೆ. ಮೊದಲು ಮಗುವನ್ನು ನೋಡು.

ಪುಟ್ಟಗೌರಮ್ಮ


ಕೊಪ್ಪಲು
14 ಸೆಪ್ಟೆಂಬರ್ 2024

ಅಕ್ಕಾ,

ಇನ್ನು ಮೇಲೆ ಮೇಡಂ ಅನ್ನಲು ನನಗೆ ಬಾಯಿ ಬರುವುದಿಲ್ಲ. ಮೂರು ವಾರದಿಂದ ನಿಮಗೆ ಬರೆಯಲಿಲ್ಲ. ಸಿಟ್ಟಿನಿಂದ ಅಂದುಕೊಂಡಿದ್ದರೆ, ಮೊದಲ ಎರಡು ದಿನ ಅದು ನಿಜ. ಆಮೇಲೆ ಬಿಡುವಿರಲಿಲ್ಲ. ಮಗು ಚೆನ್ನಾಗಿದೆ ಅಕ್ಕಾ. ಅದನ್ನು ಮೊದಲೇ ಬರೆದುಬಿಡುತ್ತೇನೆ, ನೀವು ಉಸಿರು ಬಿಡಿ. ಈಗ ನಡೆದದ್ದು ಹೇಳುತ್ತೇನೆ.

ಬೆಟ್ಟಮ್ಮನವರ ಫೋನು ಬಂದ ಮಾರನೇ ದಿನ ಸುಬ್ಬಮ್ಮನನ್ನು ಕೇಂದ್ರಕ್ಕೆ ಕರೆಸಿದೆ. ಬೆಳ್ಳಿ ಬಿಚ್ಚಿ ಅಂದೆ. ಅವರು ಮಗುವನ್ನು ಸೆರಗಿನೊಳಗೆ ಮುಚ್ಚಿಕೊಂಡುಬಿಟ್ಟರು.

"ಬರೀ ಮೈಲಿ ಕೂರುಸ್ಬ್ಯಾಡಿ ಮೇಡಮ್ಮ," ಅಂದರು. "ಮಗ ಬಾಡ್ತಾದೆ ಅಂತ್ಲೇ ತಿಂಗ್ಳು ತಿಂಗ್ಳೂ ಒಂದೊಂದ್ ಒಡ್ವೆ ಜಾಸ್ತಿ ಆಕ್ಕಂಡ್ ಬತ್ತಾ ಇವ್ನಿ. ಈಗ ಅದ್ನೂ ಬಿಚ್ಚು ಅಂತೀರಲ್ಲ, ಅದ್ರ ಮೇಲೆ ಕಣ್ ಬಿದ್ರೆ ಏನ್ ಮಾಡ್ಲಿ?"

ಆಗ ನನಗೆ ತಿಳಿಯಿತು ಅಕ್ಕಾ. ಇಷ್ಟು ದಿನ ನಾನು ಅವರನ್ನು ಜಂಬದ ಹೆಂಗಸು ಅಂದುಕೊಂಡಿದ್ದೆ. ಅವರು ಮೆರೆಸಲು ಬೆಳ್ಳಿ ಹಾಕುತ್ತಿರಲಿಲ್ಲ. ಮಗು ಸಣ್ಣಗಾದಷ್ಟೂ ಹೆದರಿ ಬೆಳ್ಳಿ ಏರಿಸುತ್ತಿದ್ದರು. ಅವರು ಹೆದರಿದಷ್ಟೂ ನನ್ನ ಪುಸ್ತಕದಲ್ಲಿ ಗೆರೆ ಏರುತ್ತಿತ್ತು. ತರಬೇತಿಯಲ್ಲಿ ದಪ್ಪ ಬಟ್ಟೆ ತೆಗೆಸಿ ತೂಗಿ ಅಂತ ಹೇಳಿಕೊಟ್ಟಿದ್ದರು, ಬಟ್ಟೆ ತೆಗೆಸಿದ್ದೆ. ಬೆಳ್ಳಿಗೆ ಕೈ ಹಾಕಿದಾಗ ಚಿಕ್ಕಬೋರಮ್ಮ, ಇಲ್ಲಿ ಮೊದಲಿನಿಂದ ಹೀಗೇ ಅಂದಿದ್ದಳು. ಕಡಗ ಎಷ್ಟು ಭಾರವಿದ್ದೀತು ಅಂತ ಬಿಟ್ಟಿದ್ದೆ. ಏರಿದ ತೂಕ ನನಗೂ ಬೇಕಾಗಿತ್ತು. ಎಲ್ಲ ನಿಮ್ಮ ಮೇಲೆ ಹೊತ್ತುಕೊಳ್ಳಬೇಡಿ.

ನಾನು ನೆಲದ ಮೇಲೆ ಕೂತು ಸೆರಗು ಹಾಸಿದೆ. "ಅಂಗಾರೆ ನನ್ ಮಡ್ಲಿಗೆ ಆಕಿ ಅಜ್ಜಿ. ತೂಗೋ ಗಂಟ ನಾನೇ ಇಟ್ಕಂಡಿರ್ತೀನಿ. ಕಣ್ ಬಿದ್ರೆ ನಂಗೇ ಬೀಳ್ಲಿ," ಅಂದೆ.

ಅವರು ಮಗುವನ್ನು ಸೆರಗಿನಿಂದ ಹೊರಗೆ ತೆಗೆದರು. ಆಮೇಲೆ ಒಂದೊಂದೇ ಬಿಚ್ಚಿ ಹಾಕಿದರು. ಕಾಲಿನದು, ಕೈಯದು, ಸೊಂಟದ್ದು. ಮಡಿಲು ಜಗ್ಗಿತು. ಮಿಷನ್ನು ಒಂಬತ್ತೂವರೆ ತೋರಿಸಿತು.

ಅಷ್ಟು ಹೊತ್ತಿಗೆ ಕಾಳಪ್ಪ ಬಂದು ಬಾಗಿಲಲ್ಲಿ ನಿಂತಿದ್ದರು. ನೀವು ಕಳೆದು ಬರೆಯುತ್ತಿದ್ದಿರಿ, ನಾನೂ ಹಾಗೇ ಮಾಡುತ್ತೇನೆ ಅಂತ ಅವರು ತಿಳಿದಿದ್ದರಂತೆ. ಸೂಪರ್‌ವೈಸರ್ ಮೇಡಂ ತೂಕ ಹೊಗಳಿದ್ದನ್ನು ಕೇಳಿ, ಬೆಳ್ಳಿ ಕಳೆದೇ ಇಷ್ಟು ಇದೆ ಅಂತ ಮನೆಯವರೆಲ್ಲ ಧೈರ್ಯವಾಗಿದ್ದರಂತೆ. ಮಿಷನ್ನಿನ ಅಂಕಿ ನೋಡಿ ಅವರು ಹೊಸ್ತಿಲ ಮೇಲೆಯೇ ಕೂತರು. "ನನ್ ತಕ್ಡಿ ಗುಲಗಂಜಿ ತೂಕನೂ ತಪ್ಪಕಿಲ್ಲ," ಅಂದರು. "ನನ್ ಮನೆ ಕೂಸಿನ ತೂಕ ನಂಗೇ ತಿಳೀನಿಲ್ಲ." ಮುದುಕರು ಅತ್ತೇ ಬಿಟ್ಟರು. ನಿಂಗರಾಜು ಹೋಗಿ ತನ್ನ ತಟ್ಟೆಯನ್ನು ಅವರ ಮುಂದೆ ಇಟ್ಟ.

ಸೋಮವಾರ ಮಂಡ್ಯದ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದೆವು. ಇಂಥ ಮಕ್ಕಳಿಗೇ ಒಂದು ವಾರ್ಡು ಇದೆ. ತಾಯಿಯ ಜೊತೆ ಹದಿನಾಲ್ಕು ದಿನ ಇರಬೇಕು. ಹೊಟ್ಟೆಯಲ್ಲಿ ಹುಳುವಿತ್ತು, ರಕ್ತ ಕಡಿಮೆಯಿತ್ತು. ಇನ್ನೂ ಎರಡು ವಾರ ಬಿಟ್ಟಿದ್ದರೆ ಕಷ್ಟವಿತ್ತು ಅಂದರು ಡಾಕ್ಟರು. ನಾನು ಭಾನುವಾರಗಳಂದು ಹೋಗುತ್ತಿದ್ದೆ. ಎರಡನೇ ಭಾನುವಾರ ಗಂಜಿಯ ಬಟ್ಟಲು ಖಾಲಿ ಮಾಡಿ, ಅಭ್ಯಾಸದಂತೆ ಬಾಯಿ ತೆರೆದು ನಾಲಗೆ ಎತ್ತಿ ತೋರಿಸಿದಳು. ಆಮೇಲೆ ಬಟ್ಟಲನ್ನು ನನ್ನ ಕಡೆಗೆ ತಳ್ಳಿ, "ಇನ್ನೊಸಿ," ಅಂದಳು. ಅವಳು ಹುಟ್ಟಿದ ಮೇಲೆ ಆ ಮಾತು ಹೇಳಿದ್ದನ್ನು ತಾನು ಕೇಳಿಯೇ ಇಲ್ಲ ಅಂತ ಅವಳಮ್ಮ ಅತ್ತಳು. ನಾನೂ ಅತ್ತೆ. ನರ್ಸು ನಮ್ಮಿಬ್ಬರನ್ನೂ ಬೈದು ಗಂಜಿ ತಂದುಕೊಟ್ಟರು.

ಇಲಾಖೆಯಿಂದ ಕಾರಣ ಕೇಳಿ ಕಾಗದ ಬಂದಿದೆ. ಮೂರು ತಿಂಗಳು ತೂಕ ತಪ್ಪು ಬರೆದದ್ದು ನನ್ನ ಗಮನಕ್ಕೆ ಬರಲಿಲ್ಲ ಅಂತ ಉತ್ತರ ಕೊಟ್ಟಿದ್ದೇನೆ. ನಿಮ್ಮ ಹೆಸರು ಬರೆದಿಲ್ಲ.

ನಾನೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಯಾರೂ ನಿಮ್ಮನ್ನು ಕೇಳಲಿಲ್ಲ ಅಂತ ಬರೆದದ್ದು ಸುಳ್ಳು. ಮೊದಲ ವಾರ ಹನ್ನೊಂದು ಮಕ್ಕಳು ಬಾಗಿಲಲ್ಲೇ ನಿಂತು, ನಮ್ಮ ಮಿಸ್ಸು ಬರಲಿ ಆಮೇಲೆ ಒಳಗೆ ಬರುತ್ತೇವೆ ಅಂತ ಹಟ ಹಿಡಿದವು. ಚಿನ್ನು ಅಂತೂ ಇವತ್ತಿಗೂ ಬೆಳಿಗ್ಗೆ ಬಂದ ಕೂಡಲೇ ಚೀಲ ಇಟ್ಟು, ನೇರವಾಗಿ ಬೀರುವಿನ ಹತ್ತಿರ ಹೋಗಿ, ಹಿಂದೆ ಇಣುಕಿ ನೋಡಿ, ಆಮೇಲೆ ಬಂದು ತನ್ನ ಜಾಗದಲ್ಲಿ ಕೂರುತ್ತಾನೆ. ನೂರು ದಿನವಾಯಿತು. ಒಂದು ದಿನವೂ ತಪ್ಪಿಸಿಲ್ಲ. ಅದನ್ನು ನಿಮಗೆ ಬರೆಯಲು ನನಗೆ ಮನಸ್ಸು ಬರಲಿಲ್ಲ. ನನಗೂ ಹೊಟ್ಟೆಕಿಚ್ಚೇ ಅಕ್ಕಾ.

ನಿಮ್ಮ ಚೈತ್ರ


ನಾಗಮಂಗಲ
20 ಸೆಪ್ಟೆಂಬರ್ 2024

ನನ್ನವ್ವ ಚೈತ್ರ,

ನಿನ್ನ ಕಾಗದವನ್ನು ಮೊದಲು ಬೆಟ್ಟಮ್ಮ ಒಡೆದು ಓದಿ, ಹೆಬ್ಬೆರಳು ಎತ್ತಿ ತೋರಿಸಿದಳು. ಮೂರು ವಾರ ನಾನು ಅಂಚೆಯವನ ಸೈಕಲ್ಲನ್ನೇ ಕಾಯುತ್ತಿದ್ದೆ. ಎರಡು ಸಲ ಬೆಟ್ಟಮ್ಮನ ಕೈಲಿ ಕೇಂದ್ರದ ಫೋನಿಗೆ ಮಾಡಿಸಿದೆ. ಚಿಕ್ಕಬೋರಮ್ಮ ಎತ್ತಿ, ಮೇಡಮ್ಮ ಮಂಡ್ಯಕ್ಕೆ ಹೋಗಿದ್ದಾರೆ ಅಂತ ಇಟ್ಟುಬಿಟ್ಟಳಂತೆ. ಮಂಡ್ಯ ಅಂದಮೇಲೆ ಆಸ್ಪತ್ರೆ ಅಂತ ತಿಳಿಯಿತು. ಆಸ್ಪತ್ರೆಯಲ್ಲಿ ಏನಾಯಿತು ಅಂತ ತಿಳಿಯಲಿಲ್ಲ. ಆ ದಿನಗಳನ್ನು ಹೇಗೆ ಕಳೆದೆನೋ ನಮ್ಮನೆ ದೇವರಿಗೇ ಗೊತ್ತು.

ಇಲಾಖೆಗೆ ನೀನೊಬ್ಬಳೇ ತಪ್ಪು ಒಪ್ಪಿ ಬರೆದದ್ದು ನನಗೆ ಒಪ್ಪಿಗೆಯಿಲ್ಲ. ನಾನೂ ಸೂಪರ್‌ವೈಸರ್ ಅಮ್ಮನಿಗೆ ನಡೆದದ್ದನ್ನೆಲ್ಲ ಬರೆದು ರಿಜಿಸ್ಟರ್ ಪೋಸ್ಟು ಮಾಡಿದ್ದೇನೆ. ನಿವೃತ್ತಿಯಾದವಳಿಗೆ ಅವರು ಏನು ಮಾಡಲಾದೀತು? ಬೈಯಬಹುದು. ಬೈದರೆ ನನಗೆ ಹೇಗಿದ್ದರೂ ಕೇಳುವುದಿಲ್ಲ.

ಇದರ ಜೊತೆ ಒಂದು ಹಾಳೆ ಇಟ್ಟಿದ್ದೇನೆ. ಊರಿನ ಒಂದೊಂದು ಮನೆಯ ಬೆಳ್ಳಿಯ ತೂಕ, ನೆನಪಿದ್ದಷ್ಟು. ನೀನು ಕಂಡುಕೊಂಡ ದಾರಿ ನನ್ನದಕ್ಕಿಂತ ಒಳ್ಳೆಯದು, ಈ ಹಾಳೆ ಬೇಕಾಗಲಾರದು. ಆದರೂ ಚಾರ್ಜು ಪಟ್ಟಿಯಲ್ಲಿ ನಲವತ್ತೇಳನೆಯದಾಗಿ ಸೇರಿಸಿಕೋ. ಕೊಡಬೇಕಾದ್ದನ್ನು ಕೊಟ್ಟೆ ಅಂತ ನನಗೊಂದು ಸಮಾಧಾನ. ಮೂವತ್ತೊಂದು ವರ್ಷ ನಾನು ಬೆಳ್ಳಿಯನ್ನು ಕಳೆಯುವುದನ್ನು ಕಲಿತೆ. ಆ ಕಣ್ಣು ನನಗೇ ಬೀಳಲಿ ಅಂತ ಮಡಿಲು ಒಡ್ಡುವುದು ನನಗೆ ಹೊಳೆಯಲಿಲ್ಲ. ನೀನು ನನಗಿಂತ ಒಳ್ಳೆಯ ಟೀಚರು ಕಣವ್ವ. ಇದನ್ನು ಬರೆಯುವಾಗ ಹೊಟ್ಟೆಕಿಚ್ಚಿಲ್ಲ. ಸ್ವಲ್ಪ ಇದೆ, ಜಾಸ್ತಿ ಇಲ್ಲ.

ಚಿನ್ನು ವಿಷಯ ಓದಿದ ಮೇಲೆ ನಿನ್ನ ಕಾಗದದ ಆ ಹಾಳೆಯನ್ನು ಮಡಿಸಿ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಬೆಟ್ಟಮ್ಮ ನಗುತ್ತಾಳೆ. ನಗಲಿ.

ಕೀರ್ತನಳ ತೂಕ ಬರೆಯುತ್ತಿರು.

ನಿನ್ನ ಅಕ್ಕ,
ಪುಟ್ಟಗೌರಮ್ಮ


ಕೊಪ್ಪಲು
6 ನವೆಂಬರ್ 2024

ಅಕ್ಕಾ,

ನಲವತ್ತೇಳನೆಯದು ಮುಟ್ಟಿದೆ. ಪಟ್ಟಿಯಲ್ಲಿ ಬರೆದು ಸಹಿ ಹಾಕಿದ್ದೇನೆ. ಸೂಪರ್‌ವೈಸರ್ ಮೇಡಂ ನಿಮ್ಮ ಕಾಗದ ಓದಿದರು. ಆಮೇಲೆ ತಮ್ಮ ವಲಯದ ಎಲ್ಲ ಕೇಂದ್ರಕ್ಕೂ ಹೋಗಿ, ಒಡವೆ ಬಿಚ್ಚಿಸಿ ತೂಗಿಸಿದರಂತೆ. ಹೀಗೇ ಕೆಂಪಿನಲ್ಲಿದ್ದ ಇನ್ನೂ ಮೂರು ಮಕ್ಕಳು ಸಿಕ್ಕವು. ನನಗೆ ಎಚ್ಚರಿಕೆ ಕೊಟ್ಟು ಬಿಟ್ಟರು.

ನಿನ್ನೆ ತೂಕದ ದಿನ. ಸುಬ್ಬಮ್ಮ ಎಲ್ಲರಿಗಿಂತ ಮೊದಲು ಬಂದರು. ಕೀರ್ತನಳ ಕಡಗ, ಉಡುದಾರ, ಗೆಜ್ಜೆ ತಾವೇ ಬಿಚ್ಚಿ ನನ್ನ ಮಡಿಲಿಗೆ ಹಾಕಿ, ನನ್ನ ಕೆನ್ನೆಗೊಂದು ಕಾಡಿಗೆ ಬೊಟ್ಟು ಇಟ್ಟರು. ಇಷ್ಟು ಮಕ್ಕಳ ಕಣ್ಣನ್ನು ಒಬ್ಬಳೇ ಹೊರುತ್ತೀಯಲ್ಲ, ನಿನಗೂ ಕಾವಲು ಬೇಡವಾ ಅಂದರು. ಅವರನ್ನು ನೋಡಿ ಉಳಿದವರೂ ಬಿಚ್ಚಿದರು. ಮಧ್ಯಾಹ್ನದ ಹೊತ್ತಿಗೆ ಇಪ್ಪತ್ತೊಂದು ಮಕ್ಕಳ ಬೆಳ್ಳಿ ನನ್ನ ಮಡಿಲಲ್ಲಿತ್ತು. ಯಾರದು ಯಾವುದು ಅಂತ ಹಿಂದಕ್ಕೆ ಕೊಡುವಾಗ ನಿಮ್ಮ ಹಾಳೆ ಕೆಲಸಕ್ಕೆ ಬಂತು.

ಬೆಳ್ಳಿ ಕಳೆದು ಕೀರ್ತನ ಹತ್ತು ಕೆಜಿ ಏಳುನೂರು. ಹಳದಿ. ಈ ಸಲ ನಿಜವಾದ ಹಳದಿ.

ಮಿಷನ್ನಿನಿಂದ ಇಳಿಸಿದ ಕೂಡಲೇ ಓಡಿದಳು ಅಕ್ಕಾ. ಬಾಗಿಲಿನಿಂದ ಹೊಂಗೆ ಮರದವರೆಗೆ, ಮರದಿಂದ ಬಾಗಿಲವರೆಗೆ. ಗೆಜ್ಜೆ ನನ್ನ ಮಡಿಲಲ್ಲಿತ್ತು, ಹಾಗಾಗಿ ಸದ್ದೇ ಇರಲಿಲ್ಲ. ನಿಮಗೆ ಎಷ್ಟು ಕೇಳುತ್ತಿತ್ತೋ ನನಗೂ ಅಷ್ಟೇ ಕೇಳಿತು. ಆ ಓಟವನ್ನು ನೋಡಲು ಕಿವಿ ಬೇಕಿಲ್ಲ. ಡಿಸೆಂಬರ್ ಮೊದಲ ಮಂಗಳವಾರ ಮತ್ತೆ ತೂಕ. ನೀವು ಬರಬೇಕು. ನನ್ನೊಬ್ಬಳ ಮಡಿಲು ಸಾಲುತ್ತಿಲ್ಲ.

ಚೈತ್ರ


ನಾಗಮಂಗಲ
12 ನವೆಂಬರ್ 2024
(ಪೋಸ್ಟ್ ಕಾರ್ಡು)

ಮಗಳೇ,

ಕುಮಾರನ ಬಸ್ಸಿಗೆ ಹೇಳಿದ್ದೇನೆ. ಮಕ್ಕಳು ಬರುವುದಕ್ಕೆ ಮೊದಲೇ ಬಂದು ಸೇರುತ್ತೇನೆ. ಯಾರಿಗೂ ಹೇಳಬೇಡ, ಚಿಕ್ಕಬೋರಮ್ಮನಿಗಂತೂ ಬೇಡವೇ ಬೇಡ. ಬೀರುವನ್ನು ಗೋಡೆಯಿಂದ ಒಂದು ಗೇಣು ಮುಂದಕ್ಕೆ ಎಳೆದಿಡು, ನಾನು ಮೊದಲಿಗಿಂತ ದಪ್ಪಗಾಗಿದ್ದೇನೆ.

ಚಿನ್ನು ಅವತ್ತೂ ನೋಡುವುದನ್ನು ತಪ್ಪಿಸದಿರಲಿ.

ಪುಟ್ಟಗೌರಮ್ಮ